ಅಮಾವಾಸ್ಯೆಯ ಬೈಠಕ್ಕೂ ಅಮಾತೆಪ್ಪ ಮಾಸ್ತರರ ಸಂಶಯವೂ

ಪಡಸಾಲೆಯಲ್ಲಿ ಒಂದು ಜಮಖಾನೆ ಹಾಸಿ, ಕೇಳುವವರ ಮೊಳಕಾಲು ನುಡಿಸುವವರ ಮೊಳಕಾಲಿಗೆ ತಾಗುವಷ್ಟು ಹತ್ತಿರ ಕೂತು ನಡೆಸುವ ಬೈಠಕ್ಕು ನಮ್ಮ ಭಾಗದ ಸಂಗೀತದ ಜೀವಾಳವೆಂಬುದನ್ನು ಬಲ್ಲವರೆಲ್ಲ ಬಲ್ಲರು. ಅಂಥ ಬೈಠಕ್ಕಿನೊಳಗೆ ದಿಲ್‌ರುಬಾ, ಕೊಳಲು, ಜಲತರಂಗ, ತಬಲಾ ಎಂಬ ನಾಲ್ಕೇ ವಾದ್ಯಗಳನ್ನು ಕೂಡಿಸಿ, ಗುಡ್ಡದ ಗಾಳಿಯನ್ನೂ ಒರತೆಯ ನೀರನ್ನೂ ಹಕ್ಕಿಯ ದನಿಯನ್ನೂ ಸ್ವರಕ್ಕೆ ತಂದು, ಸಾಲದ್ದಕ್ಕೆ ಆ ಸ್ವರವನ್ನೇ ಗುಡ್ಡದ ಕಾವಲಿಗೆ ನಿಲ್ಲಿಸಿದವರು ಯಾರಾದರೂ ಇದ್ದರೆ ಅವರು ಶ್ರೀ ಅಮಾತೆಪ್ಪ ಕೊಣ್ಣೂರ ಮಾಸ್ತರರು. ಬಾಗಲಕೋಟೆ, ಹುನಗುಂದ, ಬಾದಾಮಿಗಳ ಶಾಲೆಗಳಲ್ಲಿ ಮೂರೂವರೆ ದಶಕ ಸಂಗೀತ ಕಲಿಸಿ, ಈ ವರ್ಷ, ಅಂದರೆ ೧೯೮೮ರ ಮೇ ತಿಂಗಳಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ.

ಈ ಅಭಿನಂದನ ಗ್ರಂಥದ ಸುದ್ದಿಯನ್ನು ಶಿಷ್ಯರು ಅವರಿಗೆ ಮುಟ್ಟಿಸಿದಾಗ ಸಂತೋಷಪಡುವುದಿರಲಿ, ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇದರ ಹಿಂದ ಯಾರದಾರ? ಯಾರಿಗೆ ಏನು ಬೇಕಾಗೈತಿ ನನ್ನಿಂದ?" ಎಂದು ಕೇಳಿದರು. ಶಿಷ್ಯರು ನಕ್ಕರು. ಮಾಸ್ತರರು ನಗಲಿಲ್ಲ. ಹಾಲಿನವನು ಅಳತೆ ಚೆನ್ನಾಗಿ ಕೊಟ್ಟರೆ ನೀರು ಹಾಕಿರಬೇಕು ಎನ್ನುವವರು, ಯಾರಾದರೂ "ವಾಹ್ವಾ" ಅಂದರೆ ಸ್ವರ ಎಲ್ಲಿ ತಪ್ಪಿತು ಎಂದು ಹಿಂದಿರುಗಿ ಹುಡುಕುವವರು ಅವರು. ಅಭಿನಂದನ ಗ್ರಂಥವೊಂದರಲ್ಲಿ ಸನ್ಮಾನಿತರ ಗುಣಗಳನ್ನು ಹೇಳುವುದು ವಾಡಿಕೆ. ಔದಾರ್ಯ, ಸರಳತೆ, ವಿನಯ ಇವುಗಳ ಮಾತನ್ನು ಬೇರೆ ಲೇಖಕರು ಧಾರಾಳವಾಗಿ ಬರೆದಾರು. ಈ ಲೇಖನ ಅವರ ಸಂಶಯದ ಮೇಲೆ.

ಕಲಾದಗಿಯಲ್ಲಿ ಘಟಪ್ರಭೆಯ ದಂಡೆಯ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿದ ಅಮಾತೆಪ್ಪನವರಿಗೆ ತಾಯಿ ಗುರುಲಿಂಗವ್ವನವರೇ ಮೊದಲ ಗುರು. ಬೀಸುವ ಕಲ್ಲಿನ ಮುಂದೆ ಅವರು ಹಾಡುತ್ತಿದ್ದ ಹಾಡಿನಲ್ಲಿ ಯಾವ ಸಾಲಿಗೆ ದನಿ ತಗ್ಗುತ್ತದೆಂಬುದನ್ನು ಹುಡುಗ ಕಾದು ಕೂತು ಕೇಳುತ್ತಿದ್ದ. ಮುಂದೆ ಬಾಗಲಕೋಟೆಯಲ್ಲಿ ಕಮಾನಿನಿಂದ ನುಡಿಸುವ ದಿಲ್‌ರುಬಾ ಕಲಿತು, ಅಲ್ಲಿಯೇ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ೧೯೬೮ರಲ್ಲಿ ಹುನಗುಂದಕ್ಕೆ ವರ್ಗವಾಯಿತು. ವರ್ಗದ ಆದೇಶ ಕೈಗೆ ಬಂದ ದಿನವೂ ಇದು ಯಾರೋ ಮಾಡಿಸಿದ್ದು ಎಂದೇ ಅವರ ವಾದ. ಮಾಡಿಸಿದವರು ಯಾರೇ ಆಗಿರಲಿ, ಅವರಿಗೆ ಈ ಭಾಗದ ಸಂಗೀತ ಋಣಿಯಾಗಿರಬೇಕು.

ಯಾಕೆಂದರೆ ಹುನಗುಂದಕ್ಕೆ ಬಂದ ಮೇಲೆಯೇ ಆ ನಾಲ್ವರ ಬಳಗ ಕೂಡಿದ್ದು. ಕೊಳಲಿಗೆ ಬಂದೇನವಾಜ, ಇಳಕಲ್ಲಿನ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಜಲತರಂಗಕ್ಕೆ ಗುಳೇದಗುಡ್ಡದ ನೀಲಾಬಾಯಿ, ಹರೆಯದಲ್ಲಿ ನಾಟಕ ಕಂಪನಿಯ ಜೊತೆ ಊರೂರು ತಿರುಗಿ, ಕಂಪನಿ ಮುಚ್ಚಿದ ಮೇಲೆ ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಿದ್ದವರು. ತಬಲಾಕ್ಕೆ ಹುನಗುಂದದ ಅಂಚೆ ಕಚೇರಿಯ ಕಾರಕೂನ ಅಂದಪ್ಪ, ಮಾಸ್ತರರಿಗಿಂತ ಹತ್ತು ವರ್ಷ ಚಿಕ್ಕವರು, ಬಾಯಿಗಿಂತ ಬೆರಳಲ್ಲಿ ಹೆಚ್ಚು ಮಾತಾಡುವವರು. ಅಮಾವಾಸ್ಯೆಯ ದಿನ ನಮ್ಮ ಕಡೆ ಒಕ್ಕಲಿಗರು ಎತ್ತು ಹೂಡುವುದಿಲ್ಲ, ನೇಕಾರರು ಮಗ್ಗ ಮುಟ್ಟುವುದಿಲ್ಲ, ಕಲ್ಲಿನ ಕಣಿಯವರು ಸುತ್ತಿಗೆ ಎತ್ತುವುದಿಲ್ಲ. ಎಲ್ಲರಿಗೂ ಬಿಡುವಿರುವ ಆ ದಿನ ನಾಲ್ವರೂ ಇಳಕಲ್ಲಿನಾಚೆಯ ಗಿಳಿಗುಂಡಿನ ಗುಡ್ಡಕ್ಕೆ ಹೋಗಿ, ಬಂಡೆಯ ಸಂದಿಯೊಳಗಿನ ಒರತೆಯ ಬಳಿ ಕೂತು ನುಡಿಸುವ ರೂಢಿ ಬಿತ್ತು. ಮಾಸ್ತರರು ರಜೆ ಹಾಕಿಯಾದರೂ ಹೋಗುತ್ತಿದ್ದರು.

'ಒರತೆ' ಎಂಬ ಅವರ ರಚನೆ ಹುಟ್ಟಿದ್ದು ಅಲ್ಲಿಯೇ. ಮಧ್ಯಾಹ್ನದ ಸಾರಂಗ ರಾಗದಲ್ಲಿ ಕಟ್ಟಿದ ಅದರೊಳಗೆ ಬಂಡೆಗಳ ನಡುವೆ ಸುಳಿಯುವ ಗಾಳಿಯನ್ನು ದಿಲ್‌ರುಬಾ ಎಳೆಯುತ್ತದೆ, ತೊಟ್ಟಿಕ್ಕುವ ನೀರನ್ನು ಜಲತರಂಗ ಹೇಳುತ್ತದೆ, ಪಿಕಳಾರದ ಕೂಗನ್ನು ಕೊಳಲು ಹಿಡಿಯುತ್ತದೆ. ತಬಲಾ ಮಾತ್ರ ಬಹಳ ಹೊತ್ತು ಸುಮ್ಮನಿರುತ್ತದೆ. ಕಟ್ಟುವಾಗ ಮಾಸ್ತರರು ಹಕ್ಕಿಯನ್ನೂ ನಂಬಲಿಲ್ಲ. ಒಂದು ದಿನ ಕೇಳಿದ ಕೂಗನ್ನು ಇನ್ನೊಂದು ಅಮಾವಾಸ್ಯೆಗೆ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುವವರೆಗೆ ಬಂದೇನವಾಜರಿಗೆ ಊದಗೊಡುತ್ತಿರಲಿಲ್ಲ. "ಹಕ್ಕಿ ಸುಳ್ಳು ಹೇಳತೈತೇನ್ರಿ ಮಾಸ್ತರ?" ಎಂದು ಅವರು ರೇಗಿಸಿದರೆ, "ಹಕ್ಕಿ ಹೇಳೂದಿಲ್ಲಪಾ, ನಿನ್ನ ಕಿವಿ ಹೇಳತಾವು" ಎಂಬ ಉತ್ತರ ಸಿದ್ಧವಾಗಿತ್ತು.

ಎಪ್ಪತ್ತಾರರ ಸುಮಾರಿಗೆ ಇಳಕಲ್ಲಿನ ಕೆಂಪು ಕಲ್ಲಿಗೆ ದೂರದೂರುಗಳಿಂದ ಬೇಡಿಕೆ ಏರಿ, ಸುತ್ತಲಿನ ಗುಡ್ಡಗಳಿಗೆ ಒಂದೊಂದಾಗಿ ಬಂಡೆ ಸಿಡಿಸುವ ಸುರಂಗದ ಮದ್ದು ತಗುಲಿತು. ಗಿಳಿಗುಂಡಿನ ಗುಡ್ಡದ ಮೇಲೆ ಚನವೀರಪ್ಪ ಸಾವ್ಕಾರರ ಕಣ್ಣು ಬಿತ್ತು. ಗುತ್ತಿಗೆಗೆ ಅರ್ಜಿ ಹೋಯಿತು. ಗುಡ್ಡದ ಬುಡದ ಹಟ್ಟಿಯ ಜನ, ದನ, ಕುರಿಗಳೆಲ್ಲ ಬೇಸಿಗೆಯಲ್ಲಿ ಬದುಕುತ್ತಿದ್ದುದು ಆ ಒಂದು ಒರತೆಯ ಮೇಲೆ. ಅದರ ಬಾಯಿಗೆ ಚಪ್ಪರದಂತಿದ್ದ ಬಂಡೆ ಒಡೆದರೆ ಒರತೆ ಉಳಿಯುವುದಿಲ್ಲವೆಂದು ಹಟ್ಟಿಯ ಹಿರಿಯ ಯಮನಪ್ಪ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ ಹತ್ತಿ ಸೋತಿದ್ದ.

ಮಾಸ್ತರರು ಭಾಷಣ ಮಾಡಲಿಲ್ಲ, ಅದು ಅವರ ಕೈಲಾಗುವ ಕೆಲಸವಲ್ಲ. ಹುನಗುಂದ, ಗುಳೇದಗುಡ್ಡ, ಬಾಗಲಕೋಟೆಯ ಮನೆಮನೆಗಳಲ್ಲಿ 'ಒರತೆ'ಯ ಬೈಠಕ್ಕು ನಡೆಸಿದರು. ಜಲತರಂಗದ ಬಟ್ಟಲಿಗೆ ಬೇರೆ ನೀರು ಹಾಕುತ್ತಿರಲಿಲ್ಲ. ಗುಡ್ಡದಿಂದ ತಾಮ್ರದ ಕೊಡದಲ್ಲಿ ತಂದ ನೀರೇ ಆಗಬೇಕು, ಬೈಠಕ್ಕು ಮುಗಿದ ಮೇಲೆ ಅದೇ ನೀರನ್ನು ಕೇಳಿದವರಿಗೆಲ್ಲ ಒಂದೊಂದು ಗುಟುಕು ಕುಡಿಯಲು ಕೊಡಬೇಕು. ನೀಲಾಬಾಯಿ ಬಟ್ಟಲು ಎತ್ತಿ ಕೊಡುತ್ತ, "ಈಗ ಕೇಳಿದ್ರಲ್ಲ, ಇದ ನೋಡ್ರಿ ಅದು" ಎನ್ನುತ್ತಿದ್ದರು. ಕುಡಿದವರಲ್ಲಿ ವಕೀಲರಿದ್ದರು, ಡಾಕ್ಟರರಿದ್ದರು, ಸಾಲಿ ಮಾಸ್ತರರಿದ್ದರು. ಅವರೆಲ್ಲ ಯಮನಪ್ಪನ ಹಿಂದೆ ನಿಂತ ಮೇಲೆ ತಹಶೀಲ್ದಾರರು, ತಾವೇ ಬಂದು ಒರತೆಯನ್ನು ನೋಡುವತನಕ ಗುಡ್ಡವನ್ನು ಯಾರೂ ಮುಟ್ಟಕೂಡದೆಂದು ಹೇಳಿದರು. ಸಾವ್ಕಾರರು ಕೈಮುಗಿದು ಒಪ್ಪಿಕೊಂಡರು. ಅವರು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ಮಾಸ್ತರರ ಸಂಶಯಕ್ಕೆ ಕಾರಣವಾಯಿತು.

ಎಪ್ಪತ್ತೆಂಟರ ಎಳ್ಳಮಾಸಿ ಮುಗಿದು ಮುಂದಿನ ಅಮಾವಾಸ್ಯೆ ಹತ್ತಿರ ಬಂದಾಗ ಅಂದಪ್ಪ ಒಂದು ಆಮಂತ್ರಣ ಹೊತ್ತು ತಂದರು. ಸಾವ್ಕಾರರ ಹೊಸ ದಿವಾನಖಾನೆಯಲ್ಲಿ 'ಒರತೆ'ಯ ಬೈಠಕ್ಕು ಆಗಬೇಕು, ಮರುದಿನ ಒರತೆ ನೋಡಲು ಹೊರಟಿರುವ ತಹಶೀಲ್ದಾರರೂ ಬರುತ್ತಾರೆ, ಊರ ಹಿರಿಯರೆಲ್ಲ ಬರುತ್ತಾರೆ. ಅಂದಪ್ಪನ ಮಡದಿ ಶಿವಲಿಂಗವ್ವನಿಗೆ ಸಾವ್ಕಾರರು ಸ್ವಂತ ಸೋದರಮಾವ, ತಂದೆ ಸತ್ತ ಮೇಲೆ ಸಾಕಿ ಮದುವೆ ಮಾಡಿಕೊಟ್ಟವರು, ಅವಳ ಪಾಲಿನ ತವರು ಮನೆಯೇ ಅದು. ಹಾಗಾಗಿ ಕರೆ ಅಂದಪ್ಪನ ಕೈಯಲ್ಲಿ ಬಂದಿತ್ತು.

"ಯಾವತ್ತು?" ಎಂದರು ಮಾಸ್ತರರು.

"ಅಮಾಸಿ ದಿನಾರಿ, ಮಧ್ಯಾಹ್ನ."

"ಹೊಸಾ ದಿವಾನಖಾನಿ, ಮೊದಲನೇ ಬೈಠಕ್ಕು, ಅಮಾಸಿ ದಿನ? ಪಂಚಾಂಗ ನೋಡದ ಕಸಬರಗಿ ಸೈತ ತಗೊಳ್ಳದ ಮನಶಾ ಅವ. ಹೊಸಾದು ಏನರ ಅಮಾಸಿ ದಿನ ಸುರು ಮಾಡತಾನೇನೋ ಅಂದಪ್ಪಾ?"

"ನಮಗ ಅವತ್ತ ಬಿಡುವು ಇರತೈತಿ ಅಂತ ಮಾವಾರು ವಿಚಾರ ಮಾಡ್ಯಾರ್ರಿ."

"ನಮಗ ಬಿಡುವು ಅವತ್ತ ಇರತೈತಿ ಅನ್ನೂದು ಅವನಿಗೆ ಯಾರು ಹೇಳಿದ್ರು?"

ಅಂದಪ್ಪ ತಲೆ ತಗ್ಗಿಸಿ, ಮನೆಯಲ್ಲಿ ಮಾತು ಬಂದಾಗ ಹೇಳಿರಬೇಕು ಎಂದರು. ಅಂದಿನಿಂದ ಮಾಸ್ತರರ ಮನಸ್ಸು ಅಂದಪ್ಪನ ಸುತ್ತ ಸುತ್ತತೊಡಗಿತು. ಹತ್ತು ವರ್ಷ ತಮ್ಮ ವಾದನಕ್ಕೆ ತಾಳ ಹಿಡಿದ ಈ ಮನುಷ್ಯ ಹೆಂಡತಿಯ ತವರಿನ ಕಡೆ ವಾಲಿರಬಹುದೆ? ವಾಲದೆ ಇರುವುದಾದರೂ ಹೇಗೆ? ಕರೆ ಒಲ್ಲೆ ಎನ್ನೋಣವೆಂದರೆ ನೀಲಾಬಾಯಿ ಒಪ್ಪಲಿಲ್ಲ. ಸಾಹೇಬರು ಬರುವಾಗ ನಾವೇ ಇಲ್ಲದಿದ್ದರೆ ಹಟ್ಟಿಯ ಮಾತು ಆಡುವವರು ಯಾರು ಎಂಬುದು ಅವರ ವಾದ, ಅದನ್ನು ತೆಗೆದುಹಾಕಲಿಕ್ಕೆ ಬರುವಂತಿರಲಿಲ್ಲ. ಯಮನಪ್ಪನಿಗೂ ಹಟ್ಟಿಯ ಹಿರಿಯರಿಗೂ ಊಟದ ಕರೆ ಹೋಗಿದೆಯೆಂದು ಗೊತ್ತಾದಾಗ ಮಾಸ್ತರರಿಗೆ ರಾತ್ರಿ ನಿದ್ದೆ ಬರಲಿಲ್ಲ. ಸಾವ್ಕಾರ ಹಟ್ಟಿಯವರಿಗೆ ಹೋಳಿಗೆ ಉಣ್ಣಿಸುವುದೆಂದರೆ ಸಣ್ಣ ಮಾತೇ!

ಆ ಅಮಾವಾಸ್ಯೆಯ ಮಧ್ಯಾಹ್ನ ಸಾವ್ಕಾರರ ದಿವಾನಖಾನೆ ಕಿಕ್ಕಿರಿದಿತ್ತು. ಇಳಕಲ್ಲಿನ ಅಂಚಿನಲ್ಲಿ, ಗಿಳಿಗುಂಡಿನ ಗುಡ್ಡಕ್ಕೆ ಬೆನ್ನು ಮಾಡಿ ಕಟ್ಟಿದ ಮನೆ ಅದು. ಸಂಗೀತಕ್ಕೆ ಗದ್ದಲವಾಗಬಾರದೆಂದು ಹಿಂದಿನ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿದ್ದರು. ಅತ್ತರು, ವೀಳ್ಯ, ಗುಲಾಬಿ ನೀರು, ಯಾವುದಕ್ಕೂ ಕಡಿಮೆಯಿಲ್ಲ. ಸಾವ್ಕಾರರು ಮಾಸ್ತರರ ಕೈಹಿಡಿದು, "ನಿಮ್ಮಂಥಾ ಕಲಾವಂತರ ಪಾದ ನಮ್ಮ ಮನಿಗೆ ಬಿತ್ತು, ನಮ್ಮ ಪುಣ್ಯಾ" ಎಂದರು. ಆ ಕೈ ಬೆವತಿದೆ ಎಂಬುದನ್ನು ಮಾಸ್ತರರು ಗಮನಿಸಿದರು.

ಆಲಾಪ ಮುಗಿದು ತಬಲಾ ಸೇರಿಕೊಂಡು ಸ್ವಲ್ಪ ಹೊತ್ತಾಗಿತ್ತು. ನೀಲಾಬಾಯಿಯವರ ಬಟ್ಟಲುಗಳ ಸಾಲಿನಲ್ಲಿ ತುದಿಗಿದ್ದ ದೊಡ್ಡ ಬಟ್ಟಲನ್ನು ಆ ಭಾಗದಲ್ಲಿ ನುಡಿಸುವುದಿಲ್ಲ. ನುಡಿಸದ ಆ ಬಟ್ಟಲಿನ ನೀರಿನ ಮೇಲೆ ಅಂಚಿನಿಂದ ನಡುವಿಗೆ ಬಳೆಯಂಥ ಅಲೆಯೊಂದು ಸರಿದು ಹೋದದ್ದನ್ನು ಮಾಸ್ತರರು ಕಂಡರು. ಕಂಡದ್ದನ್ನು ನಂಬಲಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಕಮಾನು ನಿಲ್ಲಿಸದೆಯೇ, "ಫ್ಯಾನ್ ಬಂದ್ ಮಾಡ್ರಿ, ಗಾಳಿಗೆ ಶ್ರುತಿ ನಿಲ್ಲವಲ್ದು" ಎಂದರು. ಫ್ಯಾನು ನಿಂತಿತು. ಹಿರಿಯರು ಧೋತರದ ಚುಂಗಿನಿಂದ ಗಾಳಿ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ನೀರು ಮತ್ತೆ ನಡುಗಿತು.

ಹಾಗಾದರೆ ತಬಲಾ ಜೋಡಿಯ ಡಗ್ಗಾದ ಹೊಡೆತ ಇರಬಹುದು. ಅಂದಪ್ಪನ ಎಡಗೈ ಜೋರಿನದು. ಅದೂ ಈ ಹೊತ್ತು ಅವನು ಎಂದಿಗಿಂತ ಗಟ್ಟಿಯಾಗಿ ಹೊಡೆಯುತ್ತಿರುವನಲ್ಲ, ಯಾವ ಸದ್ದನ್ನು ಮುಚ್ಚಲಿಕ್ಕೆ? ತಾಳದ ಆವರ್ತ ತಿರುಗಿ ಸಮ್ಮಿಗೆ ಬರುವ ಮೊದಲು ಬೈಠಕ್ಕು ನಿಲ್ಲಿಸುವುದೆಂದರೆ ಉಣ್ಣುವವರ ಎಲೆ ಎಳೆದಂತೆ, ಯಾವ ಕಲಾವಿದನೂ ಮಾಡದ ಅಪಚಾರ. ಅಮಾತೆಪ್ಪ ಮಾಸ್ತರರು ದಿಲ್‌ರುಬಾ ಕೆಳಗಿಟ್ಟು, ಬಾಗಿ, ತಾಳದ ನಟ್ಟನಡುವೆ ಅಂದಪ್ಪನ ಎರಡೂ ಕೈಗಳನ್ನು ಹಿಡಿದು ಮೇಲೆತ್ತಿದರು.

ಬಂದೇನವಾಜರ ಕೊಳಲು ತಾನಾಗಿಯೇ ನಿಂತಿತು. "ಏನಾತ್ರಿ?" ಎಂದು ಯಾರೋ ಪಿಸುಗುಟ್ಟಿದರು. ಮಾಸ್ತರರು ಬಟ್ಟಲನ್ನೇ ನೋಡುತ್ತಿದ್ದರು. ಅವರನ್ನು ನೋಡಿ ನೀಲಾಬಾಯಿ ನೋಡಿದರು, ಮುಂದಿನ ಸಾಲಿನಲ್ಲಿದ್ದ ತಹಶೀಲ್ದಾರರೂ ಕತ್ತು ಚಾಚಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಮಾಸ್ತರರು ತಮ್ಮ ಸಂಶಯ ಇಂದು ತಮ್ಮನ್ನೇ ನುಂಗಿತು ಎಂದುಕೊಂಡರು. ಅಷ್ಟರಲ್ಲಿ ಬಟ್ಟಲುಗಳೆಲ್ಲ ಒಟ್ಟಿಗೇ ಸಣ್ಣಗೆ ಕಿಣಿಗುಟ್ಟಿದವು. ಎಲ್ಲದರ ಮೇಲೂ ನೀರು ಬಳೆಬಳೆಯಾಗಿ ನಡುಗಿತು. ಅದರ ಹಿಂದೆಯೇ, ಮುಚ್ಚಿದ ಕಿಟಕಿಗಳಾಚೆ, ದೂರದಲ್ಲಿ ದಮ್ಮೆಂದಿತು.

"ಸುರಂಗ!" ಎಂದು ಯಮನಪ್ಪ ಎದ್ದು ನಿಂತ. "ಇವತ್ತ ಅಮಾಸಿ, ಯಾವ ಕಣಿನೂ ನಡೆಯೂದಿಲ್ಲ. ಇದು ನಮ್ಮ ಗುಡ್ಡದ್ದರಿ, ಸಾಹೇಬ್ರ!"

ಸಾವ್ಕಾರರು ನಕ್ಕರು. "ಏ, ಎಲ್ಲೀ ಸುರಂಗೋ? ಹಾದಿ ಮ್ಯಾಲೆ ಲಾರಿ ಹೋಗಿರಬೇಕು. ಈ ಬಟ್ಟಲಾ ನಡುಗಿದ್ದು ತಬಲಾದ ಹೊಡತಕ್ಕ. ಅಂದಪ್ಪಾ, ನೀ ಈ ಮನಿ ಅಳಿಯಾ ಅದೀ, ಸಾಹೇಬರಿಗೆ ನೀನ ಹೇಳು."

ಎಲ್ಲರೂ ಅಂದಪ್ಪನ ಕಡೆ ತಿರುಗಿದರು. ಮಾಸ್ತರರು ಇನ್ನೂ ಅವರ ಮಣಿಕಟ್ಟು ಬಿಟ್ಟಿರಲಿಲ್ಲ. ಅಂದಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡು, ತಬಲಾಕ್ಕೆ ಗವಸು ಹಾಕಿ, ಎದ್ದು ನಿಂತರು. "ಮಾವಾರ, ನನ್ನ ಕೈ ತಬಲಾದ ಮ್ಯಾಲೆ ಇರಲಿಲ್ಲ. ಮಾಸ್ತರ ಹಿಡಿದಿದ್ರು. ಸಾಹೇಬ್ರ, ನೀರು ನಡುಗಿದ್ದು ನಾ ನೋಡೇನಿ. ಬಾಗಿಲಾ ತಗಿಸ್ರಿ, ಗುಡ್ಡಕ್ಕ ಹೋಗೂಣ."

ನೀಲಾಬಾಯಿ ದೊಡ್ಡ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸಾವ್ಕಾರರ ಮುಂದೆ ಹಿಡಿದರು. "ಬೈಠಕ್ಕು ಮುಗೀತರಿ. ಎಲ್ಲಾರ ಮನ್ಯಾಗೂ ಕೊಟ್ಟೇವಿ, ನಿಮಗೂ ಕೊಡಬೇಕಲ್ಲ. ಕುಡೀರಿ, ಕಡೀ ಗುಟಕ ಇದ್ದರೂ ಇರಬೌದು." ಸಾವ್ಕಾರರು ಕುಡಿಯಲಿಲ್ಲ.

ತಹಶೀಲ್ದಾರರ ಜೀಪು ಮುಂದೆ, ಉಳಿದವರು ಸೈಕಲ್ಲು, ಚಕ್ಕಡಿ, ಕಾಲ್ನಡಿಗೆ. ದಾರಿಯುದ್ದಕ್ಕೂ ಮಾಸ್ತರರ ಮನಸ್ಸು ಒಂದೇ ಮಾತನ್ನು ತಿರುವಿ ಹಾಕುತ್ತಿತ್ತು: ಈ ಅಂದಪ್ಪ ಹೇಳಿದ್ದು ಸತ್ಯವೋ, ಅಥವಾ ಇದೂ ಮಾವ ಅಳಿಯಂದಿರ ಆಟವೋ, ಗುಡ್ಡದಲ್ಲಿ ಯಾರೂ ಸಿಗದಂತೆ ಮೊದಲೇ ಏರ್ಪಾಡಾಗಿದ್ದರೆ? ಗುಡ್ಡದಲ್ಲಿ ಸಿಕ್ಕರು. ಅಮಾವಾಸ್ಯೆ ಹಿಡಿಯದ ಬೇರೆ ಸೀಮೆಯ ಕೆಲಸಗಾರರನ್ನು ಸಾವ್ಕಾರರು ಕರೆಸಿದ್ದರು. ಮೇಲಿನ ಬಂಡೆಗಳು ಸೀಳಿ ಬಿದ್ದಿದ್ದವು, ಹೆಜ್ಜೇನಿನ ತಟ್ಟಿಗಳು ಉದುರಿದ್ದವು. ಒರತೆಯ ಬಾಯಿಯ ಬಂಡೆಗೂ ತೂತು ಕೊರೆದು ಮದ್ದು ತುಂಬಿ ಆಗಿತ್ತು, ಕಿಡಿ ತಾಗಿಸುವುದೊಂದು ಉಳಿದಿತ್ತು. ಸಂಜೆಯೊಳಗೆ ಒರತೆಯೇ ಇಲ್ಲವಾಗಿದ್ದರೆ ಮಾರನೆಯ ದಿನ ಸಾಹೇಬರು ನೋಡಬೇಕಾದದ್ದಾದರೂ ಏನು? ಅಲ್ಲಿಯೇ ಪಂಚನಾಮೆಯಾಯಿತು. ಮರುವರ್ಷ ಆ ಗುಡ್ಡವನ್ನು ಯಾರಿಗೂ ಗುತ್ತಿಗೆ ಕೊಡಕೂಡದೆಂಬ ಆದೇಶ ಬಂತು. ಕೆಲವು ವಾರ ಕೆಂಪಗೆ ಹರಿದ ಒರತೆ ಬೇಸಿಗೆಗೆ ಮೊದಲು ತಿಳಿಯಾಯಿತು. ಇಂದಿಗೂ ಹಟ್ಟಿಯವರು ಅಲ್ಲಿಂದಲೇ ಕೊಡ ತುಂಬುತ್ತಾರೆ.

ಹಿಂದಿರುಗುವಾಗ ಅಂದಪ್ಪ ಕೇಳಿದರು: "ಮಾಸ್ತರ, ನೀವು ನನ್ನ ಮ್ಯಾಲೂ ಸಂಶೆ ಪಟ್ಟಿದ್ರಿ, ಹೌದಲ್ರಿ?"

ಮಾಸ್ತರರಿಗೆ ಸುಳ್ಳು ಬರುವುದಿಲ್ಲ. "ಹೌದು" ಎಂದರು.

ಅಂದಪ್ಪ ತಬಲಾ ಹೊತ್ತು ಮುಂದೆ ನಡೆದರು. ಬೈಠಕ್ಕಿಗೆ ಬರುವುದನ್ನು ಅವರು ಬಿಡಲಿಲ್ಲ, ಆದರೆ ನುಡಿಸಿದ ಕೂಡಲೇ ಎದ್ದು ಹೋಗುತ್ತಿದ್ದರು. ಅದು ಮಾಸ್ತರರನ್ನು ತಿಂಗಳುಗಟ್ಟಲೆ ಕೊರೆಯಿತು.

ಆ ವರ್ಷದ ನಾಗರಪಂಚಮಿ ಬಂತು. ನಮ್ಮ ಸೀಮೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ತವರಿನ ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ಸಾವ್ಕಾರರ ಮನೆಯಿಂದ ಶಿವಲಿಂಗವ್ವನಿಗೆ ಕರೆ ಬರಲಿಲ್ಲ. ಬರುವುದಿಲ್ಲವೆಂದು ಮಾವ ಮೊದಲೇ ಹೇಳಿ ಕಳಿಸಿದ್ದರು: ಗಂಡ ಯಾವ ಬಾಗಿಲು ತೆಗೆಸಿದನೋ ಆ ಬಾಗಿಲು ನಿನಗೆ ಮುಚ್ಚಿತು. ಓಣಿಯ ಹೆಣ್ಣುಮಕ್ಕಳೆಲ್ಲ ಹೊಸ ಖಣ ತೊಟ್ಟು ಬಸ್ಸು ಹತ್ತುತ್ತಿದ್ದರೆ ಆಕೆ ಕದ ಮುಂದೆ ಮಾಡಿಕೊಂಡು ಒಳಗೆ ಕೂತಿದ್ದಳೆಂಬ ಸುದ್ದಿಯನ್ನು ನೀಲಾಬಾಯಿ ಮಾಸ್ತರರಿಗೆ ತಂದರು. ಮಾಸ್ತರರು ಆ ಹೊತ್ತು ಊಟಕ್ಕೆ ಕೂತಿದ್ದರು. ಕೈತೊಳೆದು ಎದ್ದರು.

ಮರುದಿನ ಕದ ತೆರೆದ ಶಿವಲಿಂಗವ್ವ ಅವರ ಕೈಯಲ್ಲಿದ್ದ ಖಣ, ಕೊಬ್ಬರಿ ಬಟ್ಟಲುಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಯಾರು ಕಳಿಸ್ಯಾರ ನಿಮ್ಮನ್ನ? ಇವರು ಹೇಳ್ಯಾರೇನು?"

"ಯಾರೂ ಕಳಿಸಿಲ್ಲವಾ."

"ಮತ್ಯಾಕ ಬಂದೀರಿ? ನನ್ನ ಗಂಡನ್ನ ಕಳ್ಳ ಅಂತ ತಿಳಿದವರು ನೀವು. ಈಗ ಏನು ಬೇಕಾಗೈತಿ ನಿಮಗ?"

ಜೀವನವಿಡೀ ಊರಿಗೆಲ್ಲ ತಾವು ಕೇಳಿದ ಪ್ರಶ್ನೆ ಮೊದಲ ಬಾರಿ ಮಾಸ್ತರರ ಮುಖಕ್ಕೇ ಬಂತು. ಹೊಸ್ತಿಲಾಚೆಯೇ ನಿಂತು ಹೇಳಿದರು: "ನಾ ನಂಬದವನ ಬಾಯಿಂದ ಆ ಗುಡ್ಡ ಉಳೀತು, ತಂಗೀ. ಉಳಿಸಿದ್ದಕ್ಕ ನಿನ್ನ ತವರು ಹೋತು. ಗುಡ್ಡ ಎಲ್ಲಾರಿಗೂ ಸಿಕ್ತು, ಕಳಕೊಂಡಾಕಿ ನೀ ಒಬ್ಬಾಕಿ. ಕಲಾದಗ್ಯಾಗ ನನ್ನ ಅವ್ವ ಅದಾಳ, ಬೇವಿನ ಗಿಡಕ್ಕ ಜೋಕಾಲಿ ಕಟ್ಯಾಳ. ಮಗಳನ್ನ ಕರಕೊಂಡು ಬರ್ತೇನಿ ಅಂತ ನಿನ್ನೆನ ಹೇಳಿ ಕಳಿಸೇನಿ. ಬರೂದಿಲ್ಲಂದ್ರ ಅಕಿ ಮುಂದ ನಾ ಏನು ಹೇಳ್ಲಿ?"

ಶಿವಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಚೀಲ ಹಿಡಿದು ಹೊರಗೆ ಬಂದವರು ಅಂದಪ್ಪ. ಅವರು ಮಾಸ್ತರರ ಪಕ್ಕದಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದರು, ಇಬ್ಬರಿಗೂ ಸೀಟು ಹಿಡಿದುಕೊಟ್ಟರು.

ಎಂಬತ್ತೊಂದರಲ್ಲಿ ಮಾಸ್ತರರಿಗೆ ಬಾದಾಮಿಗೆ ವರ್ಗವಾಯಿತು. ಅಲ್ಲಿಯೂ ಹುಡುಗಿಯರನ್ನು ಕೂಡಿಸಿ, ಕೆರೆಯ ದಂಡೆಯ ಮೇಲೆ ಕೂರಿಸಿ ಕಿವಿ ಕೊಡುವುದನ್ನು ಕಲಿಸಿದರು. ಅವರ ಶಿಷ್ಯೆಯರು ಇಂದು ಪಟ್ಟದಕಲ್ಲಿನವರೆಗೂ ಬೈಠಕ್ಕು ನಡೆಸುತ್ತಾರೆ. ಗುರುಲಿಂಗವ್ವನವರು ಎಂಬತ್ತನಾಲ್ಕರಲ್ಲಿ ಲಿಂಗೈಕ್ಯರಾದರು. ಪಂಚಮಿಯ ಬಸ್ಸು ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಬಾದಾಮಿಯಿಂದ ಹುನಗುಂದಕ್ಕೆ ಬಂದು, ಅಲ್ಲಿಂದ ತಂಗಿಯನ್ನು ಕರೆದುಕೊಂಡು ಕಲಾದಗಿಗೆ ಹೋಗಿ, ಮಾಸ್ತರರು ತಮ್ಮ ಕೈಯಾರೆ ಜೋಕಾಲಿ ಕಟ್ಟಿ, ಹಗ್ಗ ಗಟ್ಟಿಯಿದೆಯೋ ಇಲ್ಲವೋ ಎಂದು ತಾವೇ ಮೊದಲು ಜೀಕಿ ನೋಡುತ್ತಾರೆ.

ನಿವೃತ್ತಿಯ ನಂತರವೂ ಅವರ ಕಮಾನು ನಿಲ್ಲದಿರಲಿ, ಇನ್ನಷ್ಟು ಗುಡ್ಡಗಳಿಗೆ ಅವರ ಸಂಶಯ ಕಾವಲಿರಲಿ, ಆಯುರಾರೋಗ್ಯ ತುಂಬಿ ಬರಲಿ ಎಂದು ಶಿಷ್ಯಬಳಗ ಹಾರೈಸುತ್ತದೆ. ಈ ಹಾರೈಕೆಯನ್ನು ಅವರು ನಂಬಲಾರರೆಂಬುದು ಬಲ್ಲ ಮಾತೇ. ಆದ್ದರಿಂದ ಗ್ರಂಥಕ್ಕಾಗಿ ಎರಡು ಮಾತು ಹೇಳಬೇಕೆಂದು ಕೇಳಿದಾಗ ಶಿವಲಿಂಗವ್ವ ಆಡಿದ್ದನ್ನು ಇದ್ದಂತೆಯೇ ಇಲ್ಲಿ ಕೊಡಲಾಗಿದೆ: "ಅವರು ನೂರು ವರ್ಷ ಇರಲಿ ಅಂತ ನಾ ದಿನಾ ಬೇಡಿಕೋತೇನಿ. ಅವರ ಸಲವಾಗಿ ಅಲ್ಲರಿ. ಅವರು ಇರೂತನಕಾನ ನನಗ ತವರು."